ವಾರಿಜಕ್ಕ, ಹಡಗು ಹತ್ತುವ ಮುಂಚೆ

ಭಾಂಡುಪಿನ ಭಜನಾ ಮಂಡಳಿಯ ಎಂಟೂ ಮಂದಿ
ಚೀಟಿ ದುಡ್ಡಲ್ಲಿ ಗೋವಾ ಹಡಗಿಗೆ ಟಿಕೆಟು ತೆಗೆಸಿದ್ದೀರಂತೆ.
ಒಳ್ಳೆಯದಾಯಿತು, ವಾರಿಜಕ್ಕ.
ಒಮ್ಮೆ ಹೋಗಿ ಬಂದವ ನಾನು, ಸ್ವಲ್ಪ ಕೇಳಿ.

ಬ್ಯಾಲಾರ್ಡ್ ಪಿಯರಿಗೆ ಹನ್ನೊಂದಕ್ಕೇ ಹೋಗಿ ನಿಲ್ಲಬೇಡಿ,
ಬಿಸಿಲು ಬಿಟ್ಟರೆ ಅಲ್ಲಿ ಏನೂ ಕೊಡುವುದಿಲ್ಲ.
ಚಕ್ಕುಲಿ ಡಬ್ಬ ಮನೆಯಲ್ಲೇ ಇರಲಿ,
ಸ್ಕ್ಯಾನಿಂಗಿನವ ತೆಗೆದಿಟ್ಟುಕೊಳ್ಳುತ್ತಾನೆ.
ನನ್ನದು ಹಾಗೇ ಹೋಯಿತು, ಸಂಜೆ ಅವನೇ ತಿಂದಿರಬೇಕು.
ತಿನ್ನಲಿ, ಅವನಿಗೂ ಚಹಾದ ಜೊತೆಗೆ ಏನಾದರೂ ಬೇಕಲ್ಲ.

ಕೋಣೆ ಕೆಳಗಿನದು ಸಾಕು, ಹಡಗಿನ ನಡುವಿನದು.
ಕಿಟಕಿಯ ಆಸೆಗೆ ದುಪ್ಪಟ್ಟು ಕೊಟ್ಟು ಮೂತಿಯ ಕಡೆ ಮಲಗಿದವರು
ಇರುಳಿಡೀ ತೊಟ್ಟಿಲಲ್ಲಿ ತೂಗಿಸಿಕೊಂಡು
ಬೆಳಿಗ್ಗೆ ನಿಂಬೆಹಣ್ಣು ಮೂಸುತ್ತ ಕೂತಿದ್ದರು.
ಒಣಶುಂಠಿ ಒಂದು ತುಂಡು ಸೆರಗಿನ ತುದಿಗೆ ಕಟ್ಟಿಕೊಳ್ಳಿ.

ಇನ್ನು ಊಟ.
ಬಫೆ ಬಾಗಿಲು ತೆರೆದೊಡನೆ ನುಗ್ಗಬೇಡಿ.
ಮೊದಲ ಸುತ್ತು ಬರಿಗೈಯಲ್ಲಿ ನಡೆಯಿರಿ,
ಬೀಗರ ಮನೆಯ ಅಡುಗೆ ನೋಡಲು ಹೋದ ಹಾಗೆ,
ಮುಚ್ಚಳ ಎತ್ತಿ, ಮೂಸಿ, ಏನೂ ಹೇಳದೆ.
ಇಡ್ಲಿ ಕಂಡರೆ ಮುಂದೆ ಹೋಗಿ,
ಅದರಲ್ಲಿ ಇಡ್ಲಿಯ ಆಕಾರ ಮಾತ್ರ ಉಂಟು.
ಜೈನರ ಮೇಜಿನ ದಾಲ್ ಬಿಸಿ ಇರುತ್ತದೆ, ಹದ ಇರುತ್ತದೆ,
ಬೆಳ್ಳುಳ್ಳಿ ಇಲ್ಲವೆಂದು ಮುಖ ತಿರುಗಿಸಬೇಡಿ.
ಬಿಟ್ಟಿ ಎಂದು ತಟ್ಟೆಯಲ್ಲಿ ಗುಡ್ಡ ಕಟ್ಟಬೇಡಿ.
ಬಿಟ್ಟಿ ಎಲ್ಲಿಂದ? ಹದಿನೆಂಟು ತಿಂಗಳ ಚೀಟಿ!
ಮೀನು ಮಾತ್ರ ಹಡಗಿನಲ್ಲಿ ಬೇಡ.
ಸಮುದ್ರದ ಮೇಲೆ ಕೂತು ಐಸಿನ ಮೀನು ತಿನ್ನುವುದೆಂದರೆ
ಬಾವಿಕಟ್ಟೆಯಲ್ಲಿ ಬಾಟಲಿ ನೀರು ಕುಡಿದ ಹಾಗೆ.
ಮುರ್ಮಗೋವಾದಲ್ಲಿ ಇಳಿಯುತ್ತೀರಲ್ಲ,
ಗೇಟಿನ ಟ್ಯಾಕ್ಸಿಯವರ ಮುಖ ನೋಡದೆ ಹೊರಗೆ ನಡೆಯಿರಿ.
ಬೋಗ್ದಾ ಏರಿನಲ್ಲಿ ಒಬ್ಬಳು ಫಿಲೊಮೆನಾ,
ಮನೆಯ ಮುಂದೆ ಎರಡು ಬೆಂಚು, ಒಂದು ಬೆಕ್ಕು,
ಬಂಗುಡೆ ಸಾರು, ಕೆಂಪಕ್ಕಿ ಅನ್ನ.
ಎರಡನೇ ಸಲ ಬಡಿಸುವಾಗ ಬೇಡ ಅನ್ನಬೇಡಿ, ಅವಳಿಗೆ ಸಿಟ್ಟು ಬರುತ್ತದೆ.

ಇನ್ನೊಂದು ಉಂಟು. ಹೇಳಲೋ ಬೇಡವೋ.

ಫೋರ್ಟಿನ ಹೋಟೆಲಿನಲ್ಲಿ ನಲವತ್ತೊಂದು ವರ್ಷ ಮಾಣಿ ನಾನು.
ಹಡಗಿನ ರಾತ್ರಿಯೂಟದ ಹಾಲಿನಲ್ಲಿ
ಒಬ್ಬ ಹುಡುಗ ನನ್ನ ತೊಡೆಯ ಮೇಲೆ ಬಿಳಿ ವಸ್ತ್ರ ಹಾಸಿ
ಸರ್ ಅಂದ.
ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದೆ.

ಎದೆಯ ಮೇಲೆ ಹೆಸರು, ಅಗ್ನೆಲೊ. ಕುಂಕಳ್ಳಿಯ ಕಡೆಯವನು.
ಮೊಳಕೈ ತನಕ ಐದು ತಟ್ಟೆ ಹೊತ್ತು ಬಂದ.
ನಾನು ನೋಡಿದ್ದು ಕಾಲನ್ನು,
ಎಡಗಾಲಿನ ಭಾರ ಬಲಗಾಲಿಗೆ ದಾಟಿಸಿ ನಿಲ್ಲುವ ರೀತಿಯನ್ನು.
ಮೀನಖಂಡದಲ್ಲಿ ನರ ಗಂಟು ಕಟ್ಟಿದೆ.
ನನಗೆ ನಲವತ್ತರಲ್ಲಿ ಕಟ್ಟಿದ್ದು,
ಅವನಿಗೆ ಇನ್ನೂ ಇಪ್ಪತ್ತಾರು ಇರಬಹುದು.

ಕೊನೆಯ ರಾತ್ರಿ ಕೂತಿರಲಾಗಲಿಲ್ಲ.
ಎದ್ದೆ, ನಮ್ಮ ಮೇಜಿನ ಏಳೂ ಎಂಜಲು ತಟ್ಟೆ
ಒಂದೇ ಕೈಯ ಮೇಲೆ ಏರಿಸಿದೆ.
ಹಡಗು ವಾಲಿತು. ಒಂದು ಚಮಚೆಯೂ ಸದ್ದು ಮಾಡಲಿಲ್ಲ.
ಸುತ್ತಲಿನವರು ಚಪ್ಪಾಳೆ ತಟ್ಟಿದರು,
ಒಬ್ಬ ಮೊಬೈಲು ಹಿಡಿದ.
ಅಗ್ನೆಲೊ ಮಾತ್ರ ಬಿಳಿಚಿಕೊಂಡ, ಕಣ್ಣು ದೂರದ ಕೋಟಿನವನ ಮೇಲೆ.
ಸರ್, ಪ್ಲೀಸ್ ಅಂದ.
ಈ ಸರ್ ಬೇರೆಯದು. ಇದು ನನಗೆ ಗೊತ್ತಿತ್ತು,
ನಾನೇ ಎಷ್ಟು ಸಲ ಅಂದಿಲ್ಲ.

ಬೆಳಿಗ್ಗೆ ತಿಂಡಿಗೆ ನಮ್ಮ ಮೇಜಿಗೆ ಬೇರೆ ಹುಡುಗ ಬಂದ.

ಅದಕ್ಕೇ ಹೇಳುವುದು, ಅಲ್ಲಿ ಯಾರೂ ತಟ್ಟೆ ಎತ್ತಬೇಡಿ,
ನಿಮ್ಮ ಸರೋಜಿನಿಗೆ ಮುಖ್ಯವಾಗಿ ಹೇಳಿ.
ಸುಮ್ಮನೆ ಕೂತಿರುವುದೂ ಒಂದು ಕೆಲಸವೇ,
ಅಭ್ಯಾಸ ಬೇಕು.

ಏಸಿ ಜಾಸ್ತಿ, ಶಾಲು ಮರೆಯಬೇಡಿ.
ಮೊಣಕಾಲು ತನಕ ಬರುವ ಬಿಗಿ ಕಾಲುಚೀಲ ಒಂದು ಜೊತೆ ತಂದಿಟ್ಟಿದ್ದೇನೆ,
ಹೊಸದು, ನರಕ್ಕೆ ಒಳ್ಳೆಯದು.
ನಾಳೆ ಭಜನೆಗೆ ಬರುವಾಗ ಕೊಡುತ್ತೇನೆ, ಬ್ಯಾಗಿನ ಅಡಿಯಲ್ಲಿಡಿ.
ಎದೆಯ ಮೇಲೆ ಆ ಹೆಸರು ಕಂಡರೆ ಕೊಡಿ,
ಯಾರು ಕೊಟ್ಟದ್ದು ಅಂತ ಹೇಳುವುದು ಬೇಡ.
ಸ್ಕ್ಯಾನಿಂಗಿನವ ಅದನ್ನೇನು ತಿನ್ನಲಾರ.